ತೂಕದ ಮನೆ

ಕಬ್ಬು ಅರೆಯಲು ಇನ್ನು ನಾಲ್ಕೇ ದಿನ.
ಪಾಂಡವಪುರದ ರಸ್ತೆ ಬದಿಯ ತೂಕದ ಮನೆಯಲ್ಲಿ
ಕಿರುಗುಟ್ಟುವ ಫ್ಯಾನಿನಡಿ ಕೂತು
ಬಳಕೆದಾರರನ್ನು ಹುಟ್ಟಿಸುತ್ತಿದ್ದೇನೆ.

ಹೋದ ಹಂಗಾಮಿನವರೆಗೂ ಇಲ್ಲಿ ಒಂದೇ ಹೆಸರು: ತೂಕ.
ಪಾಸ್‌ವರ್ಡು ಕ್ಯಾಲೆಂಡರಿನ ಬೆನ್ನ ಮೇಲೆ.
ಚೀಟಿ ಬರೆಯುವವನೂ ತೂಕ, ಲೆಕ್ಕದವನೂ ತೂಕ,
ಟೀ ತರುವ ಹುಡುಗ ಹಾಡು ಕೇಳಲು ನುಗ್ಗಿದರೆ ಅವನೂ ತೂಕ.
ಹಾಗಾಗಿ ಒಂದು ರಾತ್ರಿ ಹನ್ನೊಂದು ನಲವತ್ತಕ್ಕೆ
ಯಾರದೋ ಟ್ರಾಕ್ಟರಿನ ಹನ್ನೆರಡು ಟನ್ನು ಒಂಬತ್ತಾದಾಗ
ದಾಖಲೆ ಹೇಳಿದ್ದಿಷ್ಟು: ತಿದ್ದಿದವರು, ತೂಕ.
ತಕ್ಕಡಿ ತನ್ನನ್ನು ತಾನೇ ತಿದ್ದಿಕೊಂಡಂತೆ.

ಬೆರಳೆಲ್ಲ ಜವರಪ್ಪನ ಕಡೆ ತಿರುಗಿದವು.
ಕುರ್ಚಿ ಅವನದಾಗಿತ್ತು, ಅಷ್ಟಕ್ಕೆ.
"ನಾನಲ್ಲ ಕನಪ್ಪ" ಅಂದನಂತೆ, ಎರಡು ಸಲ.
ಮೂರನೆಯ ಸಲ ಹೇಳಲಿಲ್ಲ.
ಬೀಗದಕೈ ಮೇಜಿನ ಮೇಲಿಟ್ಟು ಹೋದ,
ಕೊಡೆ ಮರೆತು.
ಅದಿನ್ನೂ ಬಾಗಿಲ ಹಿಂದೆ ನೇತಾಡುತ್ತಿದೆ.

ಈಗ ಒಬ್ಬೊಬ್ಬರಿಗೂ ಹೆಸರು, ಸಂಖ್ಯೆ, ಮನೆ.
ಸಾವಿರದ ಒಂದು ಚಿಕ್ಕತಾಯಮ್ಮ, ತೂಕಕ್ಕೆ.
ಸಾವಿರದ ಎರಡು ಇರ್ಷಾದ್, ಲೆಕ್ಕಕ್ಕೆ.
ಅಸ್ಥಿಪಂಜರವೆಂಬ ಅಚ್ಚಿನಿಂದ ಮನೆ ನಕಲಾಗಿ ಬರುತ್ತದೆ,
ಗೃಹಪ್ರವೇಶವಿಲ್ಲ, ಹಾಲು ಉಕ್ಕುವುದಿಲ್ಲ.
ಚಿಕ್ಕತಾಯಮ್ಮ ಪಾಸ್‌ವರ್ಡು ಒತ್ತುತ್ತಾಳೆ, ಪರದೆಯಲ್ಲಿ
ಒಂದು ಚುಕ್ಕಿಯೂ ಮೂಡದು.
"ಕೆಟ್ಟೋಯ್ತೇನವ್ವ ಇದು?"
ಇಲ್ಲ, ಕೇಳಿಸಿಕೊಳ್ಳುತ್ತಿದೆ. ಕೇಳಿದ್ದನ್ನು ಆಡುವುದಿಲ್ಲ.
"ನಮ್ಮತ್ತೆಗೂ ವಸಿ ಕಲ್ಸು ಇದ್ನ."

ಆಮೇಲೆ ಅಪ್ಪಣೆಗಳು.
ಓದಲು ನಾಲ್ಕು, ಬರೆಯಲು ಎರಡು, ನಡೆಸಲು ಒಂದು.
ಒಡೆಯನಿಗೊಂದು ಅಂಕಿ, ಗುಂಪಿಗೊಂದು, ಮಿಕ್ಕವರಿಗೊಂದು,
ಮೂರಂಕಿಯಲ್ಲಿ ಕಡತದ ಇಡೀ ಜಾತಕ.
ತೂಕದ ಕಡತಕ್ಕೆ ಆರು, ನಾಲ್ಕು, ಸೊನ್ನೆ ಎಂದು ಒತ್ತಿ
ಕಿಟಕಿಯಾಚೆ ನೋಡಿದೆ:
ಕಬ್ಬು ಬೆಳೆದವನು ಈ ಲೆಕ್ಕದಲ್ಲಿ ಮಿಕ್ಕವನು.
ಅವನ ಗದ್ದೆ, ಅವನ ಗಾಡಿ, ಅವನ ತೂಕ,
ಅವನಿಗೆ ಸೊನ್ನೆ.
ಸೊನ್ನೆ ಅಳಿಸಿ ನಾಲ್ಕು ಹಾಕಿದೆ.
ತಿದ್ದುವುದು ಬೇಡ, ನೋಡಲಿ.

ಮ್ಯಾನೇಜರು ಬಂದು ಹೋದರು:
"ನನ್ನ ಹೆಸರಿಗೆ ಎಲ್ಲಾ ಪವರ್ರೂ ಕೊಟ್ಟುಬಿಡಿ ಮೇಡಂ."
ಎಲ್ಲವೂ ಇರುವುದು ಬೇರಿಗೆ ಮಾತ್ರ ಸಾರ್,
ಬೇರು ಮಣ್ಣಿನಲ್ಲೇ ಇದ್ದರೆ ಚೆಂದ.
ನಕ್ಕರೋ ಮುನಿದರೋ ತಿಳಿಯಲಿಲ್ಲ.

ಕೊನೆಗೆ ಆ ಹಳೆಯ ತೂಕವನ್ನು ಅಳಿಸಬೇಕು.
ಅಳಿಸುವ ಮುನ್ನ ಅದರ ಮನೆಯೊಳಗೆ ಇಣುಕಿದೆ.
ಮೂಲೆಯಲ್ಲೊಂದು ಕಡತ: ಎತ್ತು.
ಸೇತುವೆಯ ಮೇಲೆ ಬಂದು ನಿಂತ ಗಾಡಿಗಳ
ಎತ್ತುಗಳ ಹೆಸರು, ಹನ್ನೊಂದು ವರ್ಷದ್ದು:
ಬೆಳ್ಳಿಕೊಂಬ, ಮಚ್ಚೆ, ಕರಿಯ,
ಕರಿಯನ ಜೋಡಿ (ಹೋದ ವಾರ ತೀರಿತು),
ಹೆಸರಿಲ್ಲದ್ದು, ಕೇಳಿದರೆ ಹುಡುಗ ನಾಚಿಕೊಂಡ.
ಇಂಥದ್ದನ್ನು ಬರೆಯಲು ಇಲ್ಲಿ ಇನ್ಯಾರಿದ್ದರು?

ಅಳಿಸಿದರೆ ಕಡತ ಉಳಿಯುತ್ತದೆ,
ಒಡೆಯನ ಜಾಗದಲ್ಲಿ ಬರೀ ಅಂಕಿ.
ಅದಕ್ಕೇ ಇನ್ನೊಬ್ಬರನ್ನು ಹುಟ್ಟಿಸಿದೆ, ಸಾವಿರದ ಮೂರು,
ಒಳಬರುವ ಬಾಗಿಲಿಲ್ಲದ ಹೆಸರು.
ಎತ್ತಿನ ಒಡೆಯ: ಜವರಪ್ಪ.
ಇದರಿಂದ ಒಂಬತ್ತು ಹನ್ನೆರಡಾಗದು. ಗೊತ್ತು.

ಬೇರಿನಿಂದ ಹೊರಬಂದೆ. ನನ್ನ ಸಾದಾ ಹೆಸರಿನಲ್ಲಿ
ತೂಕದ ಕಡತಕ್ಕೆ ಒಂದಕ್ಷರ ಸೇರಿಸಲು ಹೋದೆ.
ಅಪ್ಪಣೆಯಿಲ್ಲ, ಎಂದಿತು.
ನಾನೇ ಹಾಕಿದ ಬೀಗ ನನ್ನ ಗುರುತು ಹಿಡಿಯದ ಸುಖ.

ಸಂಜೆಯ ಬಸ್ಸು ಜವರಪ್ಪನ ಊರ ಮೇಲೆ ಹೋಗುತ್ತದೆ.
ಕೊಡೆಯ ಮೇಲೆ ಯಾವ ಅಂಕಿಯೂ ಇರಲಿಲ್ಲ,
ಎತ್ತಿಕೊಂಡೆ.