ಸೀಟಿ

ಬ್ಯಾಡಗಿಯ ಮೈದಾನದಲ್ಲಿ, ಸಂತೆಪೇಟೆಯ
ಮೆಣಸಿನಕಾಯಿ ಘಾಟು ಗೋಡೆ ಹಾರಿ ಬರುವ ದಿನಗಳಲ್ಲಿ
ಸೀನುತ್ತ ಕೆಮ್ಮುತ್ತ ಖೋ ಖೋ ಆಡಿದವರು ನಾವು.
ನದಾಫ ಮಾಸ್ತರ ಕೆಮ್ಮಿದ್ದು ಯಾರೂ ಕಂಡಿಲ್ಲ.
ಅವರ ಉಸಿರೆಲ್ಲ ಸೀಟಿಯ ಪಾಲು.
ಒಮ್ಮೆ ಊದಿದರೆ
ಜಡೆ ಹಿಡಿದ ಕೈ ಹಿಡಿದಲ್ಲೇ ಸಡಿಲ.

ಈಗ ಹುಬ್ಬಳ್ಳಿ. ವಿದ್ಯಾನಗರದ ಮೂರನೆಯ ಮಹಡಿ.
ಮೂವತ್ತೇಳು ಡಿಗ್ರಿಯ ಪೆಟ್ಟಿಗೆಯೊಳಗೆ
ಬಾಟಲಿಗಳು, ಬಾಟಲಿಗಳಲ್ಲಿ ಜೀವಕೋಶಗಳು,
ಅವಕ್ಕೆ ನಂಬರು ಮಾತ್ರ.
ಹೆಸರು ತಿಳಿಯಕೂಡದು ಎಂಬ ಕಾಗದಕ್ಕೆ
ನಾನೇ ಸಹಿ ಮಾಡಿದ್ದೇನೆ.
ದಿನ ಬಿಟ್ಟು ದಿನ ಉಣಿಸುತ್ತೇನೆ.
ಗುಲಾಬಿ ದ್ರವ ಹಳದಿಗೆ ವಾಲಿದರೆ ಹಸಿವು.
ಬಾಣಂತಿ ಕೋಣೆಯ ಲೆಕ್ಕ, ಅಷ್ಟೇ.

ಸೋಮವಾರ ಲಿಫ್ಟಿನ ಬಾಗಿಲಲ್ಲಿ ನೋಡಿಬಿಟ್ಟೆ.
ಗಾಲಿಕುರ್ಚಿ. ಕೊರಳಲ್ಲಿ ಅದೇ ಕರಿ ದಾರ,
ದಾರಕ್ಕೆ ಅದೇ ಹಿತ್ತಾಳೆ.
ಕೈ ಎತ್ತಹೋದರು, ಮೊಣಕೈ ಕೇಳಲಿಲ್ಲ.
ಅಂಗಿಯ ತೋಳೊಳಗೆ ಮಾತ್ರ ಸ್ನಾಯು
ಯಾರೂ ಕರೆಯದೆ ತಾನೇ ಅದುರುತ್ತಿತ್ತು.
ನಾಲಿಗೆ ಎಡವಿ ಎಡವಿ ದಾಟಿಸಿದ ಮಾತು:
"ಕಮಡೊಳ್ಳಿ ಅಲ್ಲಾ ನೀ?
ಖೋ ಅನ್ನೂದ್ರಾಗ ಎದ್ದು ಓಡಾಕಿ..."
ನಕ್ಕರು. ನಗುವಿಗೂ ಸಮಯ ಹಿಡಿಯಿತು.

ಡಾಕ್ಟರು ಹೇಳುವುದು ಇಷ್ಟು:
ನರ ಸಾಯುವ ಕಡೆ ಕಾವಲಿನವರೇ ದೊಂಬಿಗಿಳಿಯುತ್ತಾರೆ.
ಜಗಳ ಬಿಡಿಸುವ ಕೋಶಗಳು ಮೊದಲೇ ಕೆಲವು,
ಈ ರೋಗದಲ್ಲಿ ಅವಕ್ಕೂ ನಿತ್ರಾಣ.
ಅವನ್ನೇ ರಕ್ತದಿಂದ ಹೆಕ್ಕಿ, ಹೊರಗೆ ಬೆಳೆಸಿ, ಕಸುವು ತುಂಬಿ
ಅದೇ ಮೈಗೆ ಮರಳಿಸುವುದು.
ಸತ್ತ ನರ ಏಳುವುದಿಲ್ಲ.
ಇಳಿಜಾರು ತುಸು ಸಪಾಟಾದೀತು.
ಆಗದೆಯೂ ಇದ್ದೀತು. ಅದಕ್ಕೇ ಪ್ರಯೋಗ ಅನ್ನುವುದು.
ಬೆಳೆಸುವುದು ಎಲ್ಲರದನ್ನೂ,
ಏರಿಸುವಾಗ ಅರ್ಧ ಮಂದಿಗೆ ಬರಿಯ ಉಪ್ಪುನೀರು.
ಯಾರಿಗೆ ಯಾವುದೆಂದು
ಸೂಜಿ ಚುಚ್ಚುವ ನರ್ಸಿಗೂ ಗೊತ್ತಿರುವುದಿಲ್ಲ.

ಮರುದಿನ ಬರೆದುಕೊಟ್ಟೆ:
ಒಬ್ಬರನ್ನು ಗುರುತಿಸಿದ್ದೇನೆ, ನಂಬರು ಅರಿಯೆ.
ಅರಿಯೆ ಎಂದು ಬರೆದ ಕೈ
ಅಂದೇ ರಾತ್ರಿ ಹನ್ನೊಂದನೆಯ ಬಾಟಲಿಯ ಮೇಲೆ
ಸುಮ್ಮನೆ ಒಂದು ಕ್ಷಣ ಹೆಚ್ಚು ನಿಂತಿತು.
ಹನ್ನೊಂದೇ ಏಕೆ? ಅವು ಸಾವಕಾಶ ಬೆಳೆಯುತ್ತಿದ್ದವು,
ಅದಕ್ಕಿರಬೇಕು.
ಸೂಕ್ಷ್ಮದರ್ಶಕದಲ್ಲಿ ಏನೂ ಕಾಣುವುದಿಲ್ಲ ವಿಶೇಷ:
ದುಂಡಗಿನವು, ಬೆಳ್ಳಗಿನವು, ಮಾತಾಡದವು.
ಎರಡು ಗಂಟೆಗೆ ಕರೆಂಟು ಹೋಯಿತು,
ಜನರೇಟರ್ ಗುಡುಗುವ ತನಕ
ಪೆಟ್ಟಿಗೆಯ ಬಾಗಿಲಿಗೆ ಬೆನ್ನೊತ್ತಿ ನಿಂತೆ,
ಯಾರೋ ಒಳನುಗ್ಗುವರೆಂಬ ಹಾಗೆ.

ಆಗ ನೆನಪಾಯಿತು ಹಾವೇರಿಯ ಜಿಲ್ಲಾ ಫೈನಲ್ಲು.
ಒಂದೇ ಪಾಯಿಂಟಿನ ಆಟ.
ಅಂಪೈರು ಬಾರದೆ, ಎರಡೂ ಕಡೆಯವರು ಒಪ್ಪಿ
ನಮ್ಮ ಮಾಸ್ತರರನ್ನೇ ನಿಲ್ಲಿಸಿದ್ದರು.
ನಾನು ಖೋ ಬೀಳುವ ಮುನ್ನ ಎದ್ದೆ,
ಅರ್ಧ ಹೆಜ್ಜೆ, ನಮ್ಮವರ ಕಣ್ಣಿಗೂ ಬೀಳದಷ್ಟು.
ಸೀಟಿ ಬಿತ್ತು. ಸೋತೆವು.
ನೀರಿನ ಟಾಕಿ ಹಿಂದೆ ಅಳುತ್ತ ಕೂತವಳ ಹತ್ತಿರ ಬಂದು,
ಸೀಟಿಯನ್ನು ಅಂಗಿಯ ಚುಂಗಿಗೆ ಒರೆಸುತ್ತ ಅಂದರು:
"ಸೀಟಿಗೆ ಊರ ಇರಂಗಿಲ್ಲವಾ."
ಆ ಸಿಟ್ಟು ನನಗೆ ಎರಡು ವರ್ಷ ಇಳಿದಿರಲಿಲ್ಲ.

ಬೆಳಗಿನ ಐದು. ಕಿಟಕಿಯ ಕೆಳಗೆ
ಮೊದಲ ಚಿಗರಿ ಬಸ್ಸು ಧಾರವಾಡಕ್ಕೆ ಹೊರಟಿತು.
ಗ್ಲೌಸು ಬದಲಿಸಿದೆ. ನಾಲ್ಕು, ಏಳು, ಹದಿನಾರು,
ಯಾವ ಯಾವ ಶಾಲೆಯವರೋ, ಯಾರ ಮನೆಯವರೋ.
ಪಿಪೆಟ್ಟಿನ ಗೀಟಿಗೆ ಕಣ್ಣು ಸಮ ಮಾಡಿ
ಒಂದೊಂದಕ್ಕೂ ಹತ್ತು ಎಂ.ಎಲ್.
ಹನ್ನೊಂದಕ್ಕೂ
ಹತ್ತೇ.