ಎಂಟು ಓಮ್

ಬುಧವಾರ ಎಳೆದು ತಂದರು ಗುಲಾಬಿಯಕ್ಕನ ಗಾಡಿ,
ಆದಿಉಡುಪಿಯ ನನ್ನ ಶೆಡ್ಡಿಗೆ.
ಕಲ್ಯಾಣಪುರ ಸೇತುವೆಯ ಮೇಲೆ, ಜಾಮಿನಲ್ಲಿ ನಿಧಾನ ಮಾಡಿದ್ದೇ
ಆರಿಹೋಯಿತಂತೆ.
ಕೆಳಗೆ ಹೊಳೆ, ಹಿಂದೆ ಬಸ್ಸುಗಳ ಹಾರ್ನು,
ಕ್ರೇಟುಗಳಲ್ಲಿ ನೂರಿಪ್ಪತ್ತು ಕಿಲೋ ಬಂಗುಡೆ,
ಐಸು ಸಣ್ಣಗೆ ಡಾಂಬರಿಗೆ ಸೋರುತ್ತ.

"ನಾಲ್ಕು ದಿನದ ಹಿಂದೆ ನೀವೇ ಸರಿ ಮಾಡಿದ್ದಲ್ವಾ ಪೊರ್ಬುಲೇ?"
ಹೌದು. ನಾನೇ.
ಸೆನ್ಸರ್ ಹೋಗಿದೆ ಅಂದವನು ನಾನೇ,
ಎರಡು ಸಾವಿರದ ಇನ್ನೂರು ಎಣಿಸಿಕೊಂಡ ಕೈಯೂ ಇದೇ.

ಸೀಟು ಎತ್ತಿದೆ. ಇಂಜಿನ್ನು ಅಲ್ಲೇ,
ಡ್ರೈವರನ ತೊಡೆಯ ಕೆಳಗೆ, ಕಾವು ಕೂತ ಕೋಳಿಯ ಹಾಗೆ.
ಸ್ಕ್ಯಾನರ್ ಸಿಕ್ಕಿಸಿದರೆ ಮತ್ತೆ ಅದೇ ನಂಬರು:
ಸೊನ್ನೆ ಸೊನ್ನೆ ಹನ್ನೊಂದು.
ಅಂದರೆ, ಗಾಳಿಯನ್ನು ಒಳಬಿಡುವ ಬಾಗಿಲು
ಹೊತ್ತಿಗೆ ಮುಂಚೆ ತೆರೆದುಕೊಳ್ಳುತ್ತಿದೆ,
ಕರೆಯುವ ಮೊದಲೇ ಪಂಕ್ತಿಯಲ್ಲಿ ಕೂತವನ ಹಾಗೆ.

ಆ ಹೊತ್ತನ್ನು ಹಿಂದೆ ಮುಂದೆ ಮಾಡುವುದು
ಹೆಬ್ಬೆರಳಿನಷ್ಟು ಒಂದು ಸೊಲೆನಾಯ್ಡು.
ಕರೆಂಟು ಬಂದರೆ ಒಳಗಿನ ಕಡ್ಡಿ ಸರಿಯಬೇಕು,
ಎಣ್ಣೆಗೆ ದಾರಿ ಬಿಡಬೇಕು. ಅಷ್ಟೇ ಅದರ ಉದ್ಯೋಗ.
ಸರಿಯುವಾಗ ಒಂದು ಸದ್ದು: ಟಿಕ್.
ಹಲ್ಲಿಯ ಲೊಚಗುಟ್ಟುವಿಕೆಯಲ್ಲಿ ಅರ್ಧ.

ಶನಿವಾರವೂ ನೋಡಿದ್ದೆ ಅದನ್ನು. ಮೀಟರು ಹಿಡಿದಿದ್ದೆ.
ಎಂಟು ಓಮ್. ಮಠದ ಓಮ್ ಅಲ್ಲ, ಮೀಟರಿನದು. ಸರಿಯಿತ್ತು.
ಬ್ಯಾಟರಿಯ ವಯರು ಮುಟ್ಟಿಸಿದ್ದೆ. ಟಿಕ್ ಅಂದಿತ್ತು.
ಅಂದಿತ್ತು ಎಂದು ಇಗರ್ಜಿಯಲ್ಲಿ ನಿಂತು ಬೇಕಾದರೂ ಹೇಳುತ್ತಿದ್ದೆ.

ಇವತ್ತು ಎರಡನ್ನೂ ಬಿಚ್ಚಿದೆ,
ಒಳಗೆಳೆಯುವ ಕಡೆಯದು, ಹೊರದಬ್ಬುವ ಕಡೆಯದು,
ಅವಳಿ ಮಕ್ಕಳು.
ಇದರ ಜಾಗಕ್ಕೆ ಅದು, ಅದರ ಜಾಗಕ್ಕೆ ಇದು.
ಕಾಯಿಲೆ ಮನೆಯದೋ ಮನುಷ್ಯನದೋ ತಿಳಿಯಬೇಕಾದರೆ
ಮನೆ ಬದಲಿಸಿ ನೋಡಬೇಕು.
ಒಂದು ಚಾ ಕುಡಿಯುವಷ್ಟು ಹೊತ್ತು ಓಡಿಸಿದೆ.
ಸೊನ್ನೆ ಸೊನ್ನೆ ಹದಿನಾಲ್ಕು.
ಕಾಯಿಲೆ ಗಂಟುಮೂಟೆ ಕಟ್ಟಿ ಆಚೆ ಮನೆಗೆ ಹೋಗಿತ್ತು.

ಮತ್ತೆ ಟಿಕ್ ಅಂದದ್ದು ಯಾರು?

ಬೆಂಚಿನ ಮೇಲಿಟ್ಟು ಹನ್ನೆರಡು ವೋಲ್ಟು ಮುಟ್ಟಿಸಿದೆ.
ಏನೂ ಇಲ್ಲ.
ಒಳ್ಳೆಯದಕ್ಕೂ ಮುಟ್ಟಿಸಿದೆ.
ಏನೂ ಇಲ್ಲ.
ಫ್ಯಾನು ಆರಿಸಿದೆ. ಪಕ್ಕದ ಟೈರಂಗಡಿಯ ಕುಂಞಿಮೋನಿಗೆ
ಕಂಪ್ರೆಸರ್ ನಿಲ್ಲಿಸು ಮಾರಾಯ ಅಂದೆ.
ಏನೂ ಇಲ್ಲ.

"ಇದು ಮಾತಾಡ್ತದಲ್ಲ," ಅಂದರು ಗುಲಾಬಿಯಕ್ಕ,
"ಇನ್ನೊಂದು ಸತ್ತಿದೆ. ಎಂತ, ಕೇಳುದಿಲ್ವಾ?"

ಮೂವತ್ತೊಂದು ವರ್ಷ
ಲಾರಿಗಳ ಹೊಟ್ಟೆಗೆ ಸ್ಕ್ರೂಡ್ರೈವರ್ ಹಚ್ಚಿ, ಹಿಡಿ ಕಿವಿಗಿಟ್ಟು,
ಯಾವ ಸಿಲಿಂಡರು ಸುಳ್ಳು ಹೇಳುತ್ತದೆ ಎಂದು ಹೇಳಿದವನು.
ಶನಿವಾರ ಆ ಟಿಕ್
ಕೇಳಿಸಿತೋ, ನೆನಪಾಯಿತೋ.

ಉತ್ತರ ಕೊಡದೆ ಸತ್ತದ್ದನ್ನು ಬೆಳಕಿಗೆ ಹಿಡಿದೆ.
ಜಾಲರಿಯ ತುಂಬ ಕಪ್ಪು ಜಿಡ್ಡು, ತಳ ಹಿಡಿದ ಪದಾರ್ಥದ ಹಾಗೆ.
"ಎಣ್ಣೆ ಬದಲಿಸಿದ್ದು ಯಾವಾಗ?"
"ಬೋಟು ಕಡಲಿಗಿಳಿಯುವ ಮೊದಲು."
"ಯಾವ ವರ್ಷ?"
ಈಗ ಸುಮ್ಮನಿರುವ ಸರದಿ ಅವರದು.

ಹೊಸದು ಮಂಗಳೂರಿನಿಂದ ಬಸ್ಸಿನಲ್ಲಿ ಬಂತು, ಕಂಡಕ್ಟರನ ಜೇಬಿನಲ್ಲಿ.
ರಬ್ಬರ್ ರಿಂಗಿಗೆ ಎಣ್ಣೆ ಸವರಿ, ಒತ್ತಿ ಕೂರಿಸಿ,
ಬೋಲ್ಟನ್ನು ಮಣಿಕಟ್ಟಿನ ಬಲಕ್ಕಷ್ಟೇ ಬಿಗಿದೆ. ಹೊಸ ಎಣ್ಣೆ, ಹೊಸ ಫಿಲ್ಟರು.
ಇಂಜಿನ್ನು ನಿಂತಲ್ಲೇ ಕುಲುಕದೆ ಉಸಿರಾಡಿತು.
ಇದು ಅಂಗೈಗೆ ತಿಳಿಯಿತು.

ಬಿಲ್ಲು ಬರೆಯುವಾಗ ಬಗ್ಗಿ ನೋಡಿದರು.
ಸೆನ್ಸರಿನ ಎರಡು ಸಾವಿರದ ಇನ್ನೂರು ಕಳೆದೆ.
"ಐಸು?" ಅಂದರು.
ಅದು ಮಾತ್ರ ಸ್ಪಷ್ಟ ಕೇಳಿಸಿತು.
ಬರೆದೆ: ಐಸಿನ ಬಾಬ್ತು ಮುನ್ನೂರು, ಕಳೆ.

ಈಗ ಯಾರ ಗಾಡಿ ಬಂದರೂ ಮೊದಲು ಎಣ್ಣೆಯ ಲೆಕ್ಕ ಕೇಳುತ್ತೇನೆ.
ಆಮೇಲೆ, ವಯರು ಮುಟ್ಟಿಸುವ ಮುಂಚೆ,
ಡ್ರೈವರೋ, ಚಾ ತಂದ ಹುಡುಗನೋ, ಹತ್ತಿರ ಇದ್ದವರನ್ನು ಕರೆದು:
ಸ್ವಲ್ಪ ಇತ್ತ ಬನ್ನಿ,
ಒಂದು ನಿಮಿಷ
ಕಿವಿ ಕೊಡಿ.