ನಲವತ್ತೊಂದು

ಕೋಳಿ ಕೂಗುವ ಮೊದಲೇ ಏಳುತ್ತೇವೆ, ನಾನೂ ಮಗನೂ.
ಲಾಸ್ತಾ ಬೆಟ್ಟದ ಚಳಿಗೆ
ನಾಯಿ ಕೂಡ ಬೊಗಳುವುದಿಲ್ಲ ಆ ಹೊತ್ತಿನಲ್ಲಿ.
ಬಿಳಿ ನೆತೆಲಾ ತಲೆತುಂಬ ಹೊದ್ದು
ಇನ್ನೂರ ಹನ್ನೆರಡು ಮೆಟ್ಟಿಲು ಇಳಿದರೆ ಬಂಡೆಯ ಬಾಯಿ,
ಬಂಡೆಯ ಬಾಯೊಳಗೆ ಪವಿತ್ರ ನೀರು.

ಅಬ್ಬಾ ಗೆಬ್ರೆಯೆಸ್ ಕೊಡ ಎತ್ತಿ ಸುರಿಯುತ್ತಾರೆ.
ಮೆಸ್ಗನಾವ್ ನಡುಗುತ್ತಾನೆ, ಅಳುವುದಿಲ್ಲ.
ಅತ್ತರೂ ಸಾಕಿತ್ತು, ಅದೂ ಒಂದು ಸದ್ದು.
ಅವನ ಹೆಸರಿನೊಳಗೆ ಸ್ತುತಿ ಎಂಬ ಅರ್ಥವಿದೆ,
ಹೊಟ್ಟೆಯಲ್ಲಿದ್ದಾಗಲೇ ಆರಿಸಿಟ್ಟಿದ್ದೆ.
ಈಗ ಒಂಬತ್ತು ತುಂಬಿತು.
‘ಎಮಾಯೆ’ ಎಂಬ ಮೂರಕ್ಷರವೂ ಆ ಬಾಯಿಂದ ಬಿದ್ದಿಲ್ಲ.

ದೆಸ್ಸಿಯ ಆಸ್ಪತ್ರೆಗೂ ಕರೆದೊಯ್ದೆ, ಎರಡು ಬಸ್ಸು ಬದಲಿಸಿ.
ಕಿವಿ ಚೆನ್ನಾಗಿದೆ, ಗಂಟಲು ಚೆನ್ನಾಗಿದೆ ಎಂದಳು ಡಾಕ್ಟರು.
ಚೆನ್ನಾಗಿರುವುದನ್ನು ಇಟ್ಟುಕೊಂಡು ಏನು ಮಾಡಲಿ
ಎಂಬುದನ್ನು ಚೀಟಿಯಲ್ಲಿ ಬರೆದುಕೊಡಲಿಲ್ಲ.

ನೀನು ನಂಬಿರುವುದು ನೀರನ್ನೋ ದೇವರನ್ನೋ,
ಪಕ್ಕದ ಮನೆಯ ವರ್ಕ್ನೆಶ್ ಕೇಳುತ್ತಾಳೆ.
ಇಬ್ಬರಿಗೂ ಕಿವುಡು ಎಂದುಬಿಟ್ಟೆ ಒಂದು ದಿನ,
ಆಮೇಲೆ ನಾಲಿಗೆ ಕಚ್ಚಿಕೊಂಡೆ.
ನಾಳೆಯಿಂದ ಇಳಿಯುವುದೇ ಬೇಡ ಅಂದುಕೊಂಡು ಮಲಗಿದೆ.
ಕಾಲು ಕೇಳಲಿಲ್ಲ.
ಕಣದ ಎತ್ತು ಹಗ್ಗ ಬಿಚ್ಚಿದರೂ ಸುತ್ತುವ ಹಾಗೆ
ಕತ್ತಲಲ್ಲಿ ತಾನೇ ಮೆಟ್ಟಿಲು ಹುಡುಕಿಕೊಂಡಿತು.
ಇದು ನಂಬಿಕೆಯೋ ಬರೀ ರೂಢಿಯೋ ಅಬ್ಬಾ, ಎಂದು ಕೇಳಿದರೆ
ನಕ್ಕರು.
‘ಬಂದಿದ್ದೀಯಲ್ಲ, ಹುಡುಗನ ಅಂಗಿ ಬಿಚ್ಚು.’

ಐವತ್ತೈದು ದಿನದ ಉಪವಾಸ ಬಂತು. ಹಾಲಿಲ್ಲ, ಬೆಣ್ಣೆಯಿಲ್ಲ,
ಮಧ್ಯಾಹ್ನ ಇಳಿಯುವವರೆಗೆ ಹನಿ ನೀರಿಲ್ಲ.
ಇರುಳಿಡೀ ನಿಲ್ಲುವ ಪ್ರಾರ್ಥನೆಗೆಂದು
ಬಡಗಿ ಕೆಫ್ಯಾಲೆವ್ ಒಂದು ಕೋಲು ತಂದುಕೊಟ್ಟ.
ಕಾಡು ಆಲಿವ್ ಮರದ್ದು, ತುದಿಗೆ ಅಡ್ಡಪಟ್ಟಿ, ಗದ್ದ ಊರಲು.
ದುಡ್ಡು ಬೇಡವೆಂದ. ಕೆತ್ತುವಾಗ ಸೊಟ್ಟಗಾಯಿತು, ಯಾರೂ ಕೊಳ್ಳುವುದಿಲ್ಲ.
ಇರಲಿ ಬಿಡಪ್ಪ, ನಾನೇನು ನೆಟ್ಟಗಿದ್ದೇನೆಯೇ?

ಉಪವಾಸದಲ್ಲಿ ನಗಾರಿ ಬಾರಿಸುವುದಿಲ್ಲ.
ಗಾಳಿಗೆ ಪೈರು ಬಾಗಿದಂತೆ ಕೋಲುಗಳಷ್ಟೇ ತೂಗುತ್ತವೆ.
ನಾನೂ ಗದ್ದ ಊರಿ ಶುರುಮಾಡಿದೆ.
ಕ್ರಿಸ್ತನೇ, ನಮ್ಮನ್ನು ಕರುಣಿಸು.
ನಲವತ್ತೊಂದು ಸಲ, ಬೆರಳಗೆಣ್ಣುಗಳ ಮೇಲೆ ಎಣಿಸುತ್ತ.
ಹದಿನಾಲ್ಕಕ್ಕೆ ತೆಫ್ ಹಿಟ್ಟಿನ ಮಡಕೆ, ಮುಚ್ಚಿದೆನೋ ಇಲ್ಲವೋ.
ಹತ್ತೊಂಬತ್ತಕ್ಕೆ ವರ್ಕ್ನೆಶ್ ಕೊಡಬೇಕಾದ ಬಾರ್ಲಿ.
ಇಪ್ಪತ್ತಮೂರಕ್ಕೆ ನಾನೇ ಇರಲಿಲ್ಲ,
ನಿಂತಲ್ಲೇ ನಿದ್ದೆ.
‘ಕರು’ ಅಂದದ್ದು ನೆನಪಿದೆ, ‘ಣಿಸು’ ಅಂದದ್ದಿಲ್ಲ.

ಎಚ್ಚರವಾದದ್ದು ಬೆರಳ ನೋವಿಗೆ.
ಮೆಸ್ಗನಾವ್ ಒತ್ತುತ್ತಿದ್ದ,
ನನ್ನ ಹೆಬ್ಬೆರಳು ನಿಂತುಹೋದ ಕಡೆಯಿಂದ ಹಿಡಿದು,
ಒಂದು ಗೆಣ್ಣು,
ಒಂದು ಕರುಣಿಸು ಮುಗಿಯುವಷ್ಟು ತಡೆದು
ಇನ್ನೊಂದು ಗೆಣ್ಣು.
ತುಟಿ ಅಲುಗುತ್ತಿರಲಿಲ್ಲ. ಕಣ್ಣು ದೀಪದ ಮೇಲೆ.
ಎಷ್ಟು ವರ್ಷದಿಂದ ಪಕ್ಕದಲ್ಲಿ ನಿಂತು
ನನ್ನ ಲೆಕ್ಕ ಕಾಯುತ್ತಿದ್ದನೋ ಈ ಹುಡುಗ!
ಎದ್ದೆನೆಂದು ತೋರಗೊಡಲಿಲ್ಲ ನಾನು.
ಮೂವತ್ತೊಂಬತ್ತು.
ನಲವತ್ತು.
ಕೊನೆಯದನ್ನು ಜೋರಾಗಿ ಒತ್ತಿದ,
ರಾತ್ರಿ ಬಾಗಿಲು ಹಾಕಿ ಅಗುಳಿ ಸರಿಸುವ ಹಾಗೆ.

ಮಾತು ಬರಲಿಲ್ಲ.
ಕೇಳಿದವರಿಗೆಲ್ಲ ಅಷ್ಟೇ ಹೇಳುತ್ತೇನೆ.

ಬೆಳಿಗ್ಗೆ ಮತ್ತೆ ಇನ್ನೂರ ಹನ್ನೆರಡು ಮೆಟ್ಟಿಲು.
ಸೊಟ್ಟ ಕೋಲು ಅವನ ಹೆಗಲ ಮೇಲೆ.
ನೀರು ನಿನ್ನೆಯಷ್ಟೇ ತಣ್ಣಗೆ.
ಅಬ್ಬಾ ಕೊಡ ಎತ್ತಿದರು.
ಅವನಿಗಿಂತ ಮೊದಲು
ನಾನು ತಲೆಯೊಡ್ಡಿದೆ.